ನಾಯಿ ನೋಡುವ ಶಾಸ್ತ್ರ

ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲ ಜೀವ ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಪ್ಪ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೂಲಿಯಾಗಿದ್ದರು, ಅಮ್ಮ ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯುತ್ತಿದ್ದಳು. ನಾನು ಬಿ.ಎ. ಮಾಡಿದೆ, ಎಂ.ಎ. ಮಾಡಿದೆ, ಶಿವಮೊಗ್ಗದ ಖಾಸಗಿ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಉಪನ್ಯಾಸಕಿಯಾದೆ, ಆಲ್ಕೊಳದಲ್ಲಿ ಒಂದು ಬಾಡಿಗೆ ಮನೆ ಹಿಡಿದೆ. ಬದುಕಿನಲ್ಲಿ ನನಗೆ ಸಿಕ್ಕಿದ್ದೆಲ್ಲ ಓದಿನಿಂದಲೇ ಸಿಕ್ಕಿದ್ದರಿಂದ, ಸಿಗದೇ ಇರುವುದೂ ಇನ್ನಷ್ಟು ಓದಿದರೆ ಸಿಗುತ್ತದೆ ಎಂಬ ನಂಬಿಕೆಯಿತ್ತು. ಹೆದರಿದ ಒಂದು ನಾಯಿಯನ್ನು ಸರಿಮಾಡಿ ಒಂದು ಮನೆ ಸೇರಿಸುವುದು ಏನು ಮಹಾ ಎಂದು ಅನ್ನಿಸಿದ್ದು ಇದೇ ನಂಬಿಕೆಯ ಬಲದಿಂದ.

ನಾಯಿಯನ್ನು ತಂದವಳು ನನ್ನ ಹಾಸ್ಟೆಲಿನ ಕಾಲದ ಗೆಳತಿ. ಬೀದಿಪಾಲಾದ ನಾಯಿಗಳನ್ನು ಉಳಿಸಿ ಮನೆ ಹುಡುಕಿಕೊಡುವುದು ಅವಳು ಹಚ್ಚಿಕೊಂಡ ಕೆಲಸ. ಮಳೆ ಕಡಿಮೆಯಾಗುತ್ತಿದ್ದ ಒಂದು ಸಂಜೆ ಗೋಣಿಚೀಲದಲ್ಲಿ ಸುತ್ತಿದ ಮೂಟೆಯೊಂದನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತಳು. ಮೂಟೆ ನಡುಗುತ್ತಿತ್ತು.

"ರಾಗಿಗುಡ್ಡದ ಹಿಂದೆ ಹೊಸ ಲೇಔಟ್ ಇದ್ಯಲ್ಲ, ಅಲ್ಲಿ ಲೈಟ್ ಕಂಬಕ್ಕೆ ಕಟ್ಟಿ ಹಾಕಿ ಹೋಗಿದಾರೆ ಕಣೆ. ಶೆಲ್ಟರಲ್ಲಿ ಇಟ್ಟಿದ್ವಿ. ಅಲ್ಲಿ ಉಳಿದ ನಾಯಿಗಳ ಬೊಗಳಾಟಕ್ಕೆ ಹೆದರಿ ಊಟಾನೇ ಬಿಟ್ಬಿಡ್ತು. ಅಲ್ಲೇ ಇದ್ರೆ ಉಳಿಯಲ್ಲ. ಸ್ವಲ್ಪ ದಿನ ನಿನ್ನ ಹತ್ರ ಇರ್ಲಿ ಮಾರಾಯ್ತಿ. ಮನುಷ್ಯರನ್ನ ಕಂಡ್ರೆ ಓಡಬಾರ್ದು, ಅಷ್ಟು ಮಾಡು ಸಾಕು. ಮನೆ ನಾನು ಹುಡುಕ್ತೀನಿ."

"ಹೆಸರೇನು?"

"ಹೆಸರಿಟ್ರೆ ನೀನು ವಾಪಸ್ ಕೊಡಲ್ಲ. ತಗೊಳ್ಳೋರು ಇಟ್ಕೊಳ್ತಾರೆ ಬಿಡು."

ಕೊಡದೆ ಇಟ್ಟುಕೊಳ್ಳುವ ಪ್ರಶ್ನೆಯೇ ಇರಲಿಲ್ಲ. ಮಹಡಿಯ ಮೇಲಿರುವ, ನನಗೆ ಮನೆ ಬಾಡಿಗೆಗೆ ಕೊಟ್ಟ ಯಜಮಾನರು ಅಡಿಕೆ ವ್ಯಾಪಾರದ ಹಳೆಯ ಕುಟುಂಬದವರು, ಗಟ್ಟಿಯಾಗಿ ಒಂದು ಮಾತು ಆಡದ ಸಜ್ಜನರು. ಮರುದಿನವೇ ಮೆಟ್ಟಿಲಿನ ಮೇಲೆ ನಿಂತು ಮೆಲ್ಲಗೆ ಹೇಳಿದರು: "ನಂಗೇನೂ ಇಲ್ಲ ಮೇಡಂ, ಅದೂ ಒಂದು ಜೀವ. ಆದ್ರೆ ದೀಪಾವಳಿಗೆ ಮಗಳು, ಅಳಿಯ, ಮೊಮ್ಮಕ್ಕಳೆಲ್ಲ ಬರ್ತಾರೆ. ಪಟಾಕಿ ಗಿಟಾಕಿ ಅಂತ ಗಲಾಟೆ. ಅಷ್ಟ್ರೊಳಗೆ ಅದಕ್ಕೊಂದು ದಾರಿ ಮಾಡ್ಬಿಡಿ." ಇಷ್ಟು ಮರ್ಯಾದೆಯಿಂದ ಹೇಳಿದ ಮಾತಿಗೆ ಜಗಳವಾಡಲು ಬರುವುದಿಲ್ಲ. ದೀಪಾವಳಿಯೊಳಗೆ ಮನೆ ಸಿಗಬೇಕು, ಇಲ್ಲವಾದರೆ ಅದು ಊಟ ಬಿಟ್ಟ ಶೆಲ್ಟರಿಗೇ ವಾಪಸ್ಸು. ಲೆಕ್ಕ ಸರಳವಾಗಿತ್ತು.

ನಾಯಿ ಹೆಣ್ಣು. ಕಂದು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಿಸಿಟ್ಟ ಹಾಗೆ. ಗೋಣಿಯಿಂದ ಇಳಿದದ್ದೇ ಅಡುಗೆಮನೆಗೆ ಓಡಿ ಗ್ಯಾಸ್ ಸಿಲಿಂಡರಿನ ಹಿಂದೆ ಸೇರಿಕೊಂಡಿತು. ಆಮೇಲೆ ಬಹಳ ದಿನ ನನಗೆ ಕಂಡದ್ದು ಆ ಮಡಿಸಿದ ಕಿವಿ ಮಾತ್ರ. ಅದಕ್ಕೆ ಹೆದರಿಕೆಯಿಲ್ಲದ ವಸ್ತುವೇ ಇರಲಿಲ್ಲ. ಚಪ್ಪಲಿಯ ಸದ್ದು, ಮಡಿಸಿದ ಕೊಡೆ, ಮೇಲೆತ್ತಿದ ಕೈ, ಬಿದ್ದ ಚಮಚ, ಎಲ್ಲಕ್ಕಿಂತ ಹೆಚ್ಚಾಗಿ ಕುಕ್ಕರಿನ ವಿಷಲ್.

ನಾನು ಓದಿದೆ, ವಿಡಿಯೋ ನೋಡಿದೆ. ಹೆದರಿದ ನಾಯಿಗೆ ಬೆನ್ನು ತಿರುಗಿಸಿ ನೆಲದ ಮೇಲೆ ಕೂರಬೇಕಂತೆ. ನೋಡಬಾರದು, ಕರೆಯಬಾರದು, ಒಂದೇ ದನಿಯಲ್ಲಿ ಏನಾದರೂ ಓದುತ್ತಿರಬೇಕು. ನನ್ನ ಬಳಿ ಓದಲು ಇದ್ದದ್ದು ಮಕ್ಕಳ ಉತ್ತರಪತ್ರಿಕೆಗಳು. ಸಿಲಿಂಡರಿಗೆ ಬೆನ್ನು ಕೊಟ್ಟು ಕೂತು ಬೇಡಿಕೆಯ ನಿಯಮವನ್ನು ಮಕ್ಕಳು ಬರೆದ ಹಾಗೆಯೇ, ತಪ್ಪುಗಳ ಸಮೇತ, ಗಟ್ಟಿಯಾಗಿ ಓದಿದೆ. ಬದಿಯಲ್ಲಿ ಬೇಯಿಸಿದ ಮೊಟ್ಟೆಯ ಚೂರುಗಳು. ಮೊದಮೊದಲು ನಾನು ಎದ್ದುಹೋದ ಮೇಲೆ ಮೊಟ್ಟೆ ಮಾಯವಾಗುತ್ತಿತ್ತು. ಆಮೇಲೆ ನಾನು ಕೂತಿರುವಾಗಲೇ ಮಾಯವಾಗತೊಡಗಿತು. ಒಂದು ದಿನ, ಬೆಲೆ ಹೆಚ್ಚಾದರೆ ಬೇಡಿಕೆಯೂ ಹೆಚ್ಚಾಗುತ್ತದೆ ಎಂದು ಧೈರ್ಯವಾಗಿ ಬರೆದಿದ್ದ ಹುಡುಗನೊಬ್ಬನಿಗೆ ಮನಸ್ಸಿನಲ್ಲೇ ಬಯ್ಯುತ್ತಿದ್ದಾಗ ಬೆನ್ನಿಗೆ ಏನೋ ಬೆಚ್ಚಗೆ ತಗುಲಿತು. ನನ್ನ ಪಾಠಕ್ಕೆ ಅಷ್ಟು ಹತ್ತಿರ ಬಂದು ಕೂತವರು ಅದಕ್ಕೆ ಮೊದಲು ಯಾರೂ ಇರಲಿಲ್ಲ.

ಕುಕ್ಕರಿನ ಹೆದರಿಕೆಗೂ ಒಂದು ವಿಧಾನವಿತ್ತು. ಮೊಬೈಲಿನಲ್ಲಿ ವಿಷಲ್ ರೆಕಾರ್ಡ್ ಮಾಡಿಕೊಂಡು, ತೀರಾ ಸಣ್ಣ ಸದ್ದಿನಿಂದ ಶುರುಮಾಡಿ, ಪ್ರತಿ ಸಲವೂ ಮೊಟ್ಟೆ ಕೊಡುತ್ತ, ದಿನದಿನಕ್ಕೂ ಸ್ವಲ್ಪ ಜೋರು ಮಾಡುವುದು. ನಿಜವಾದ ಅನ್ನವನ್ನು ಪಾತ್ರೆಯಲ್ಲಿ ಗಂಜಿ ಬಸಿದು ಮಾಡುತ್ತಿದ್ದೆ. ಒಂದು ಸಂಜೆ ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಬಗ್ಗಿ ಕೇಳಿದರು: "ಒಬ್ರೇ ಇರೋದಲ್ವಾ ಮೇಡಂ ನೀವು? ದಿನಾ ಇಷ್ಟು ವಿಷಲ್ ಕೂಗುತ್ತೆ, ಏನ್ ಬೇಯಿಸ್ತೀರ?" ನಾಯಿಗೆ ಅಭ್ಯಾಸ ಮಾಡಿಸುತ್ತಿದ್ದೇನೆ ಎಂದೆ. ಅವರು ನನ್ನನ್ನು ನೋಡಿದ ನೋಟದಲ್ಲಿ, ಹೆಣ್ಣುಮಕ್ಕಳನ್ನು ಇಷ್ಟೊಂದು ಓದಿಸಬಾರದು ಎಂಬುದು ಸ್ಪಷ್ಟವಾಗಿತ್ತು.

ಭದ್ರಾವತಿಯಿಂದ ಆಗಾಗ ಬರುತ್ತಿದ್ದ ಅಮ್ಮನದು ಬೇರೆಯೇ ಸಮಸ್ಯೆ. ಬದುಕಿಡೀ ಕ್ಯಾಂಟೀನಿನ ಸ್ಟೀಲ್ ತಟ್ಟೆಗಳನ್ನು ತೊಳೆದು ರಾಶಿಗೆ ಎಸೆದ ಕೈ ಅದು. ಶಿಫ್ಟು ಬಿಡುವ ಹೊತ್ತಿಗೆ ತಟ್ಟೆ ಸಿದ್ಧವಿರಬೇಕಿತ್ತು, ಮೆಲ್ಲಗೆ ಇಡಲು ಅಲ್ಲಿ ಯಾರಿಗೆ ಪುರಸೊತ್ತು? ಅಮ್ಮನಿಗೆ ಒಂದು ಲೋಟವನ್ನು ಸದ್ದಿಲ್ಲದೆ ಕೆಳಗಿಡಲು ಬರುತ್ತಿರಲಿಲ್ಲ. ಅವಳು ಅಡುಗೆಮನೆಗೆ ಕಾಲಿಟ್ಟರೆ ನಾಯಿ ಸಿಲಿಂಡರಿನ ಹಿಂದೆ ಚಪ್ಪಟೆಯಾಗಿಬಿಡುತ್ತಿತ್ತು.

"ಏನ್ ಭಯಾನೇ ಮಾರಾಯ್ತಿ ನಿಂದು. ನಾಯಿಯಾಗಿ ಹುಟ್ಟಿ ಹಿಂಗಿದ್ರೆ ಹೆಂಗೆ?" ಎಂದು ಅಮ್ಮ ಅದಕ್ಕೇ ಬಯ್ಯುತ್ತಿದ್ದಳು. ಮೊಟ್ಟೆ ಕಂಡು ಇನ್ನಷ್ಟು ಸಿಟ್ಟು. "ನಿಂಗೆ ಪರೀಕ್ಷೆ ಟೈಮಲ್ಲೂ ಕೊಡಕ್ಕಾಗ್ಲಿಲ್ಲ ನಂಗೆ. ಇದಕ್ಕೆ ದಿನಾ ಮೊಟ್ಟೆ." ಹಾಗೆ ಹೇಳುತ್ತಲೇ ಬಗ್ಗಿ, ಬಿದ್ದ ಚೂರೊಂದನ್ನು ಸಿಲಿಂಡರಿನ ಕಡೆ ತಳ್ಳುತ್ತಿದ್ದಳು.

ಮನೆ ಹುಡುಕಲು ಗೆಳತಿ ವಾಟ್ಸಾಪ್ ಗುಂಪುಗಳಲ್ಲಿ ಹಾಕಲೆಂದು ನಾಯಿಯ ಬಗ್ಗೆ ನಾಲ್ಕು ಸಾಲು ಬರೆದುಕೊಡಲು ಹೇಳಿದಳು. ನಾನು ಪ್ರಾಮಾಣಿಕವಾಗಿ ಬರೆದೆ: ಸದ್ದಿಗೆ ಹೆದರುತ್ತದೆ, ಗಂಡಸರಿಗೆ ಹೆದರುತ್ತದೆ, ಹೆದರಿದರೆ ಇದ್ದಲ್ಲೇ ಉಚ್ಚೆ ಹೊಯ್ಯುತ್ತದೆ, ಇಲ್ಲಿಯವರೆಗೆ ಬೊಗಳಿಲ್ಲ, ತಾಳ್ಮೆಯಿದ್ದವರು ಮಾತ್ರ ಸಂಪರ್ಕಿಸಿ. ಯಾರೂ ಸಂಪರ್ಕಿಸಲಿಲ್ಲ. ಅಮ್ಮ ನನ್ನಿಂದ ಅದನ್ನು ಓದಿಸಿ ಕೇಳಿ ಹಣೆ ಚಚ್ಚಿಕೊಂಡಳು.

"ಲೋಕದಲ್ಲಿ ಯಾರಾದ್ರೂ ಹೆಣ್ಣು ತೋರ್ಸೋ ಮುಂಚೆ ಕುಂದುಕೊರತೆ ಸಾರ್ತಾರೇನೇ? ಮೊದ್ಲು ಬಂದು ನೋಡ್ಲಿ, ಇಷ್ಟ ಪಡ್ಲಿ. ಉಳಿದದ್ದು ಅವರ ಮನೆಗೆ ಹೋದ್ಮೇಲೆ ತಾನಾಗೇ ಗೊತ್ತಾಗುತ್ತೆ. ಎಲ್ಲಾರ ಮನೇಲೂ ಹಂಗೇ ಆಗೋದು."

ಬರೆದದ್ದನ್ನು ಗೆಳತಿ ತಿದ್ದಿದಳು. 'ಸೌಮ್ಯ ಸ್ವಭಾವ, ಮನೆಗೆ ಒಗ್ಗುವ ನಾಯಿ' ಎಂದು ಮಾತ್ರ ಉಳಿಯಿತು. ಎರಡೇ ದಿನದಲ್ಲಿ ಒಂದು ಕುಟುಂಬ ನೋಡಲು ಬರುತ್ತೇವೆಂದಿತು. ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಅಮ್ಮ ಭದ್ರಾವತಿಯಿಂದ ಬಂದಿಳಿದಳು. ಕೈಚೀಲದಲ್ಲಿ ರವೆ, ತುಪ್ಪ, ದ್ರಾಕ್ಷಿ, ಗೋಡಂಬಿ.

"ಅಮ್ಮಾ, ಅವರು ಬರ್ತಿರೋದು ನಾಯಿ ನೋಡಕ್ಕೆ."

"ಬಂದೋರು ಬಾಯಿ ಸಿಹಿ ಮಾಡ್ಕೊಳ್ದೆ ಹೋದ್ರೆ ಸಂಬಂಧ ಕುದುರುತ್ತಾ? ನೀನು ಒಳಗಿರು. ಬಾಯಿ ಬಿಟ್ರೆ ಪಾಠ ಮಾಡ್ತೀಯ. ನಿನ್ನ ನೋಡಕ್ಕೆ ಬಂದಾಗ್ಲೂ ಅದೇ ಮಾಡ್ದೆ."

ಅದು ನಿಜ. ನನ್ನನ್ನು ನೋಡಲು ಬಂದ ಹಿರಿಯರೊಬ್ಬರು ಎಷ್ಟು ಓದಿದ್ದೀಯಮ್ಮ ಎಂದು ಕೇಳಿದ್ದಕ್ಕೆ ನಾನು ಪೂರ್ತಿ ಉತ್ತರ ಕೊಟ್ಟಿದ್ದೆ. ಪೂರ್ತಿ ಉತ್ತರಕ್ಕೆ ಪೂರ್ತಿ ಅಂಕ ಸಿಗುವುದು ಪರೀಕ್ಷೆಯಲ್ಲಿ ಮಾತ್ರ. ಹಾಗಾಗಿ ಈ ಸಲ ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಿಂತುಕೊಂಡೆ.

ಬಂದವರು ಗಂಡ, ಹೆಂಡತಿ, ಗಂಡನ ತಾಯಿ. ಹೊಸ ಮನೆ ಕಟ್ಟಿಸಿದ್ದರಂತೆ, ಒಂದು ನಾಯಿ ಬೇಕಂತೆ. ಅತ್ತೆ ಸೋಫಾದ ನಡುವೆ, ಮಗ ಸೊಸೆ ಎರಡು ಬದಿಗೆ ಕೂತರು. ಅಮ್ಮ ಕೇಸರಿಬಾತಿನ ತಟ್ಟೆಗಳನ್ನು ತಂದಿಟ್ಟಳು. ಇಟ್ಟದ್ದು ಕೇಳಿಸಲೇ ಇಲ್ಲ. ಉಸಿರು ಬಿಗಿಹಿಡಿದು ಒಂದೊಂದು ತಟ್ಟೆಯನ್ನೂ ಹೂವಿನ ಹಾಗೆ ಇಳಿಸಿದಳು. ಅಷ್ಟು ವರ್ಷದಲ್ಲಿ ನಾನು ಕಾಣದ ಅಮ್ಮ ಅದು.

"ಯಾವ ಜಾತಿ?" ಅತ್ತೆಯ ಮೊದಲ ಪ್ರಶ್ನೆ.

ಮನುಷ್ಯರ ವಿಷಯದಲ್ಲಿ ನಮ್ಮ ಕಡೆ ಈ ಪ್ರಶ್ನೆಯನ್ನು ಇಷ್ಟು ನೇರವಾಗಿ ಕೇಳುವುದಿಲ್ಲ. ಊರು ಯಾವುದು, ಮನೆದೇವರು ಯಾವುದು ಎಂದು ಸುತ್ತಿ ಬಳಸಿ ಅಲ್ಲಿಗೇ ಬರುತ್ತಾರೆ. ನಾಯಿಗೆ ಆ ದಾಕ್ಷಿಣ್ಯವೂ ಇಲ್ಲ.

"ನಾಟಿ. ನಮ್ಮ ಊರಿಂದೇ, ಗಟ್ಟಿ ಜೀವ," ಎಂದಳು ಅಮ್ಮ.

"ಬೊಗಳುತ್ತಾ?"

"ಅಗತ್ಯ ಇದ್ದಾಗ."

"ಎಲ್ಲಾರ ಜೊತೆ ಹೊಂದ್ಕೊಳುತ್ತಾ? ನಮ್ಮನೇಲಿ ಜನ ಜಾಸ್ತಿ."

"ಹೊಂದ್ಕೊಂಡು ಹೋಗೋ ಗುಣ. ಎದುರು ಮಾತಿಲ್ಲ, ಜೋರು ದನಿ ಇಲ್ಲ. ಇಟ್ಟಿದ್ದು ತಿನ್ಕೊಂಡು ಬಿದ್ದಿರ್ತಾಳೆ."

"ಸರಿ, ಕರೀರಿ. ನೋಡೋಣ."

ಬೆಳಿಗ್ಗೆಯೇ ಅಮ್ಮ ನಾಯಿಯ ಮೈ ಒರೆಸಿ, ನನ್ನ ಹಳೆಯ ಬಾಚಣಿಗೆಯಿಂದ ಬಾಚಿ, ಸ್ವಲ್ಪ ಪೌಡರನ್ನೂ ಹಾಕಿದ್ದಳು. ಅದಿಷ್ಟು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದು ಒಂದಿತ್ತು. ಕೊನೆಯ ಗಳಿಗೆಯಲ್ಲಿ, ಬರಿ ಕೊರಳು ನೋಡಿ ಮನಸ್ಸು ತಡೆಯದೆ, ಕರುವಿನ ಕೊರಳಿಗೆ ಕಟ್ಟುವಂಥ ಸಣ್ಣ ಗೆಜ್ಜೆಯನ್ನು ಕೆಂಪು ದಾರದಲ್ಲಿ ಪೋಣಿಸಿ ಕಟ್ಟಿದ್ದಳು. ಕಟ್ಟುವಾಗಲೂ ಆಮೇಲೂ ನಾಯಿ ಹೆದರಿ ಕಲ್ಲಿನಂತೆ ನಿಂತಿದ್ದರಿಂದ ಗೆಜ್ಜೆ ಸದ್ದು ಮಾಡಿರಲಿಲ್ಲ.

ನಾನು ಮೊಟ್ಟೆ ತೋರಿಸಿ ಹಜಾರಕ್ಕೆ ಕರೆದೆ. ನಾಯಿ ಹೊಸ್ತಿಲು ದಾಟಿತು. ಕೊರಳಲ್ಲಿ ಝಲ್ ಎಂದಿತು.

ಆ ಸದ್ದು ಎಲ್ಲಿಂದ ಬಂತೆಂದು ಅದಕ್ಕೆ ತಿಳಿಯಲಿಲ್ಲ. ಬೆಚ್ಚಿ ಹಾರಿತು. ಮತ್ತೆ ಝಲ್. ಓಡಿದಷ್ಟೂ ಸದ್ದು, ಸದ್ದಾದಷ್ಟೂ ಓಟ. ಟೀಪಾಯಿಯ ಸುತ್ತ ತಿರುಗಿತು, ಕಾಫಿ ಲೋಟಗಳನ್ನು ಕೆಡವಿತು, ಕೇಸರಿಬಾತಿನ ಮೇಲೆ ಕಾಲಿಟ್ಟಿತು, ಕಡೆಗೆ ತಪ್ಪಿಸಿಕೊಳ್ಳಲು ಲೋಕದಲ್ಲಿ ಬೇರೆ ಜಾಗವೇ ಇಲ್ಲವೆಂಬಂತೆ ಅತ್ತೆಯ ಸೀರೆಯ ಹಿಂದೆ, ಸೋಫಾದ ಅಡಿಗೆ ನುಗ್ಗಿತು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಒಂದು ಸಣ್ಣ ಹೊಳೆ ಅತ್ತೆಯ ಪಾದದ ಕಡೆ ಹರಿದು ಬಂತು.

"ಹೊಸಬ್ರು ಅಂದ್ರೆ ಸ್ವಲ್ಪ ನಾಚ್ಕೆ," ಎಂದಳು ಅಮ್ಮ.

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲವೆಂದು ನಾನು ಹೊರಗೆ ಬಂದು ಭಯದ ಕಾರಣಗಳು, ಅದರ ಹಂತಗಳು, ಚಿಕಿತ್ಸೆಯ ವಿಧಾನ ಎಲ್ಲವನ್ನೂ ವಿವರಿಸತೊಡಗಿದೆ. ಮಗ ಎದ್ದು ನಿಂತರು. "ಮನೆಗೆ ಹೋಗಿ ಮಾತಾಡ್ಕೊಂಡು ಫೋನ್ ಮಾಡ್ತೀವಿ ಮೇಡಂ," ಎಂದರು. ಆ ವಾಕ್ಯದ ಅರ್ಥ ನನಗೆ ಚೆನ್ನಾಗಿ ಗೊತ್ತು, ಯಾವ ಪುಸ್ತಕದಿಂದಲೂ ಕಲಿತದ್ದಲ್ಲ. ಅತ್ತೆ ಮಾತ್ರ ಬಾಗಿಲಲ್ಲಿ ತಿರುಗಿ, ಕೇಸರಿಬಾತ್ ಬಹಳ ಚೆನ್ನಾಗಿತ್ತು ಎಂದು ಹೇಳಿ ಹೋದರು.

ನಾಯಿ ಮತ್ತೆ ಸಿಲಿಂಡರಿನ ಹಿಂದೆ ಸೇರಿತು. ಎಷ್ಟೋ ದಿನದ ಮೊಟ್ಟೆ, ಎಷ್ಟೋ ಉತ್ತರಪತ್ರಿಕೆ, ಎಲ್ಲ ನೀರಲ್ಲಿ ಹೋಯಿತು. ನಾನು ಅಮ್ಮನ ಮೇಲೆ ಹರಿಹಾಯ್ದೆ. ಅವಳು ಕತ್ತರಿ ಹಿಡಿದು ಅಡುಗೆಮನೆಗೆ ಹೋಗಿ, ಸಿಲಿಂಡರಿಗೆ ಬೆನ್ನು ಕೊಟ್ಟು, ನಾನು ಕೂರುತ್ತಿದ್ದ ಜಾಗದಲ್ಲೇ ಕೂತಳು. ಅವಳಿಗೆ ಓದಲು ಬರುವುದಿಲ್ಲ. ಕ್ಯಾಂಟೀನಿನಲ್ಲಿ ಯಾವ ವಾರ ಯಾವ ಸಾರು ಮಾಡುತ್ತಿದ್ದರು ಎಂಬುದನ್ನು ಒಂದೇ ದನಿಯಲ್ಲಿ ಹೇಳುತ್ತ ಹೋದಳು. ಬಿಸಿಲು ಇಳಿಯುವ ಹೊತ್ತಿಗೆ ನಾಯಿ ಅವಳ ತೊಡೆಯವರೆಗೆ ಬಂತು. ಅಮ್ಮ ದಾರ ಕತ್ತರಿಸಿದಳು, ಗೆಜ್ಜೆಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಸೆರಗಿನಲ್ಲಿ ಗಂಟುಹಾಕಿಕೊಂಡಳು.

"ನಾನು ಕಟ್ಟಿದ್ದು ಒಳ್ಳೇದಕ್ಕೇ ಕಣೆ."

"ಗೊತ್ತಮ್ಮ."

ದಸರಾ ರಜೆ ಬಂತು. ಯಜಮಾನರು ಹಬ್ಬಕ್ಕೆಂದು ಮನೆಗೆ ಬಣ್ಣ ಹೊಡೆಸಲು ಶುರುಮಾಡಿದರು. ಏಣಿ, ಡಬ್ಬಿಗಳು, ಜೋರಾಗಿ ಕೂಗಾಡುವ ಗಂಡಸರು. ಅದನ್ನು ನಾಯಿ ತಡೆದುಕೊಳ್ಳುವಂತಿರಲಿಲ್ಲ. ರಜೆ ಮುಗಿಯುವವರೆಗೆ ಭದ್ರಾವತಿಯ ಅಮ್ಮನ ಮನೆಯಲ್ಲಿ ಇರೋಣವೆಂದು ಹೊರಟೆ. ಬಸ್ಸಿನವರು ಹತ್ತಿಸಿಕೊಳ್ಳುವುದಿಲ್ಲ. ಸರ್ಕಲ್ಲಿನಲ್ಲಿ ಪರಿಚಯದ ಆಟೋ ಸಿಕ್ಕಿತು. ಓಡಿಸುವ ಸಾಬರು ಹಿಂದೆ ತಿರುಗಿ ಒಮ್ಮೆ ನೋಡಿದರು. "ಕಚ್ಚಲ್ಲ ತಾನೆ ಮೇಡಂ? ನಮ್ಮನೇಲಿ ಕುತ್ತಾ ಒಳಗ್ ಬಿಡಲ್ಲ. ಆಟೋ ಮನೆ ಅಲ್ವಲ್ಲ, ಕೂತ್ಕೊಳ್ಳಿ." ದಾರಿಯುದ್ದಕ್ಕೂ ಹಾರ್ನ್ ಮುಟ್ಟದೆ, ಎದುರು ಬಂದವರಿಗೆಲ್ಲ ಕೈ ಬೀಸಿ ಬೀಸಿ ಪಕ್ಕಕ್ಕೆ ಸರಿಸುತ್ತ ಓಡಿಸಿದರು.

ಅಮ್ಮ ಇರುವುದು ಕಾರ್ಖಾನೆಯ ಹಿಂದಿನ ಓಣಿಯಲ್ಲಿ, ಬೆನ್ನಿಗೆ ಬೆನ್ನು ಮಾಡಿ ಕಟ್ಟಿದ ಸಣ್ಣ ಮನೆಗಳಲ್ಲೊಂದರಲ್ಲಿ. ನಡುವಿನ ಹಿತ್ತಲು ಎರಡು ಮನೆಗೆ ಒಂದೇ. ಹಿಂದಿನ ಮನೆಯಲ್ಲಿ ಬ್ಲೌಸು ಹೊಲಿಯುವ ಹೆಂಗಸೊಬ್ಬರಿದ್ದಾರೆ. ಮನೆಮಾತು ತಮಿಳು, ಗಂಡ ಇಲ್ಲ, ಮಗಳನ್ನು ಮದುವೆ ಮಾಡಿ ಕಳಿಸಿ ಒಬ್ಬರೇ ಇದ್ದಾರೆ. ನಾನು ಅಕ್ಕ ಎನ್ನುತ್ತೇನೆ. ಹಬ್ಬದ ಕಾಲವಾದ್ದರಿಂದ ಅವರ ಮೆಷಿನ್ನು ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮನೆ ಗರಗರ ಎನ್ನುತ್ತಿತ್ತು.

ಬಂದ ಮರುದಿನವೇ ನಾಯಿ ಕಾಣೆಯಾಯಿತು. ಅಮ್ಮ ಹಿತ್ತಲ ಬಾಗಿಲು ಹಾಕಲು ಮರೆತಿದ್ದಳು. ಮಂಚದ ಕೆಳಗಿಲ್ಲ, ಬಚ್ಚಲಲ್ಲಿಲ್ಲ, ಓಣಿಯಲ್ಲಿಲ್ಲ. ಹೆಸರಿಟ್ಟು ಕರೆಯೋಣವೆಂದರೆ ಹೆಸರೂ ಇಲ್ಲ. ಕಾರ್ಖಾನೆಯ ಗೋಡೆಯುದ್ದಕ್ಕೂ ಬರಿಗಾಲಲ್ಲಿ ಓಡಿದೆ. ಮುಖ್ಯರಸ್ತೆಯಲ್ಲಿ ಲಾರಿಗಳು ಹೋಗುತ್ತಿದ್ದವು. ಆ ಕಡೆ ನೋಡಲು ಧೈರ್ಯ ಸಾಲದೆ ನಿಂತಿದ್ದಾಗ ಹಿಂದಿನಿಂದ ಅಕ್ಕನ ಕೂಗು ಕೇಳಿತು.

"ಏನಮ್ಮಾ, ನಿಮ್ಮನೆ ನಾಯಿಗೆ ಜಾಗ ಇಲ್ವಾ? ಬಂದು ಕರ್ಕೊಂಡೋಗು!"

ಮೆಷಿನ್ನಿನ ಪಕ್ಕ, ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ, ಬಣ್ಣಬಣ್ಣದ ಚೂರುಗಳ ರಾಶಿಯಲ್ಲಿ ನಾಯಿ ಮೈಚಾಚಿ ಮಲಗಿತ್ತು. ಕಾಲು ನಾಲ್ಕನ್ನೂ ಬಿಟ್ಟು ಮಲಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಒಮ್ಮೆಲೇ ಬರುವ ಸದ್ದಿಗೆ ಹೆದರುತ್ತಿದ್ದ ಪ್ರಾಣಿಗೆ ನಿಲ್ಲದ ಸದ್ದು ಹಿತವಾಗಿತ್ತು. ಅದು ಹೊರಗಿನ ಸದ್ದನ್ನೆಲ್ಲ ನುಂಗಿಬಿಡುತ್ತಿತ್ತು. ಇದನ್ನು ನಾನು ಎಲ್ಲೂ ಓದಿರಲಿಲ್ಲ, ಅಕ್ಕನಿಗೂ ಗೊತ್ತಿರಲಿಲ್ಲ. ಕಂಡುಹಿಡಿದದ್ದು ನಾಯಿ.

ಎತ್ತಿಕೊಂಡು ಬಂದೆ. ಬಾಗಿಲು ತೆರೆದ ಕೂಡಲೇ ಮತ್ತೆ ಅಲ್ಲೇ ಹೋಯಿತು. ದಿನವೂ ಅಕ್ಕನ ದೂರು ಕೇಳಿಬರುತ್ತಿತ್ತು: "ಗಿರಾಕಿ ಬ್ಲೌಸಲ್ಲೆಲ್ಲ ಕೂದ್ಲು. ನಾನೇನ್ ಹೇಳ್ಲಿ ಅವ್ರಿಗೆ, ಡಿಸೈನ್ ಅಂತಾನಾ?" ಆದರೆ ಬಾಗಿಲು ಹಾಕಿಕೊಂಡದ್ದನ್ನು ನಾನು ಕಾಣಲಿಲ್ಲ. ಒಂದು ಮಧ್ಯಾಹ್ನ "ವಾ, ಉಕ್ಕಾರು" ಎಂದು ಅದರೊಂದಿಗೆ ಮಾತಾಡುವುದು ಕೇಳಿಸಿತು. ಬಾ, ಕೂತ್ಕೋ ಎಂದು. ನಾನು ವಿಡಿಯೋ ನೋಡಿ ಇಂಗ್ಲಿಷಿನಲ್ಲಿ ಅದೇ ಮಾತನ್ನು ವಾರಗಟ್ಟಲೆ ಕಲಿಸಿದ್ದೆ. ಎರಡು ಭಾಷೆಗೂ ಅದು ಸಮನಾದ ಗೌರವ ಕೊಟ್ಟು, ತನಗೆ ಬೇಕಾದಾಗ ಕೂರುತ್ತಿತ್ತು.

ಅಮ್ಮನ ಕಣ್ಣು ಹೊಳೆಯತೊಡಗಿದ್ದನ್ನು ಗಮನಿಸಿದೆ. "ಈ ಸಲ ನಾನು ಬಾಯಿ ಬಿಡಲ್ಲ," ಎಂದಳು. "ಹಿಂದಿನ ಮನೆಯೋರೇನೂ ನೋಡಕ್ಕೆ ಬರ್ಲಿಲ್ಲ. ನಾವೇ ಹೋಗ್ಬೇಕು. ಹೆಣ್ಣಿನ ಕಡೆಯೋರು ಮನೆ ನೋಡೋದೂ ಒಂದು ಶಾಸ್ತ್ರ ಅಲ್ವಾ? ನೀನೇ ಹೋಗಿ ಕೇಳು. ಎಲ್ಲಾ ಹೇಳ್ಬಿಡು."

ಹೋದೆ. ರಜೆ ಮುಗಿಯುತ್ತ ಬಂದಿತ್ತು. ಶಿವಮೊಗ್ಗದಲ್ಲಿ ಯಜಮಾನರು, ಅವರ ಆಚೆ ಶೆಲ್ಟರು. ಅಕ್ಕ ತಲೆಯೆತ್ತದೆ ಹೊಲಿಯುತ್ತಿದ್ದರು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ: ಸದ್ದಿನ ಭಯ, ಉಚ್ಚೆ, ಕುಕ್ಕರು, ಗಂಡಸರು. ಆಮೇಲೆ ಕೇಳತೊಡಗಿದೆ. ಮುಂಬಾಗಿಲಿಗೆ ಚಿಲಕ ಗಟ್ಟಿಯಿದೆಯೇ, ಮಲಗಿಸುವುದು ಎಲ್ಲಿ, ಊರಿಗೆ ಹೋದರೆ ಏನು ಮಾಡುತ್ತೀರಿ, ಕಾಯಿಲೆಯಾದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೀರಾ. ಮೆಷಿನ್ನು ನಿಂತಿತು.

"ಏನಮ್ಮಾ ನೀನು? ಮಗಳನ್ನ ಕೊಡೋವಾಗ ನಾನೇ ಇಷ್ಟು ಕೇಳ್ಲಿಲ್ಲ. ಕೇಳ್ಬೇಕಿತ್ತು, ಅದು ಬೇರೆ ವಿಷ್ಯ." ದಾರ ಕಡಿದು ಸೂಜಿಗೆ ಪೋಣಿಸಿಕೊಂಡರು. "ಅದರದು ಅಷ್ಟೂ ಹೇಳ್ದಲ್ಲ, ನಂದೂ ಕೇಳ್ಕೋ. ನಂಗೆ ಶುಗರ್ ಇದೆ. ಕೋಪ ಬಂದ್ರೆ ಕತ್ತರಿ ಎಸೀತೀನಿ. ಒಂದೊಂದ್ ದಿನ ಅಡುಗೆ ಮಾಡಲ್ಲ, ಬ್ರೆಡ್ ತಿಂತೀನಿ. ಇದನ್ನೆಲ್ಲ ಯಾರು ನಾಯಿಗೆ ಹೇಳೋರು?"

ಮೇಜಿನ ಕೆಳಗಿನಿಂದ ಯಾವ ಆಕ್ಷೇಪವೂ ಬರಲಿಲ್ಲ.

"ಕತ್ತರಿ ಎಸೀಬೇಡಿ ಅಕ್ಕ. ಸದ್ದಾಗುತ್ತೆ."

"ಬಟ್ಟೆ ರಾಶಿ ಮೇಲೆ ಎಸೀತೀನಿ ಬಿಡು," ಎಂದು ಮೆಷಿನ್ನು ಶುರುಮಾಡಿದರು. ಒಪ್ಪಿಗೆ ಎಂದರೆ ಅಷ್ಟೇ. ಗೆಳತಿ ಬಂದು ಮನೆ ನೋಡಿ ಹೋದಳು. ಹೊಸ ಜಾಗಕ್ಕೆ ಒಗ್ಗುವವರೆಗೆ ನಾನು ಆ ಕಡೆ ಸುಳಿಯಬಾರದು, ಫೋನಿನಲ್ಲೂ ನನ್ನ ದನಿ ಕೇಳಿಸಬಾರದೆಂದು ಕಟ್ಟುನಿಟ್ಟು ಮಾಡಿದಳು. ಅಮ್ಮನಿಗೆ ಮಾತ್ರ ಆ ನಿಯಮ ಅನ್ವಯಿಸಲಿಲ್ಲ. ಇದ್ದಕ್ಕಿದ್ದಂತೆ ಅವಳ ಹಳೆಯ ಬ್ಲೌಸುಗಳೆಲ್ಲ ಬಿಗಿಯಾಗತೊಡಗಿ, ದಿನವೂ ಒಂದೊಂದನ್ನು ಬಿಚ್ಚಿಸಿ ಹೊಲಿಸಲು ಹಿಂದಿನ ಮನೆಗೆ ಹೋಗಬೇಕಾಯಿತು.

ಆದರೂ ದೀಪಾವಳಿಯ ಸಂಜೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಮಹಡಿಯ ಮೇಲೆ ಯಜಮಾನರ ಮೊಮ್ಮಕ್ಕಳು ಸರ ಪಟಾಕಿ ಹಚ್ಚಿದ್ದರು. ಬಣ್ಣ ಹೊಡೆದ ಮನೆ ಹೊಗೆಯಲ್ಲಿ ಕಾಣುತ್ತಿರಲಿಲ್ಲ. ಹಬ್ಬದ ಹೊಲಿಗೆ ನಿನ್ನೆಗೇ ಮುಗಿದಿದೆ, ಅಕ್ಕನ ಮೆಷಿನ್ನು ನಿಂತಿದೆ ಎಂದು ಅಮ್ಮ ಬೆಳಿಗ್ಗೆ ಭದ್ರಾವತಿಯಿಂದ ಫೋನಿನಲ್ಲಿ ಹೇಳಿದ್ದಳು. ಆ ಓಣಿಯಲ್ಲಿ ಪಟಾಕಿ ಹೇಗಿರುತ್ತದೆಂದು ನನಗೆ ಗೊತ್ತು, ನಾನು ಅಲ್ಲೇ ಬೆಳೆದವಳು. ಗೆಳತಿಯ ನಿಯಮ ಮುರಿದು ಫೋನ್ ಮಾಡಿದೆ. ಬಹಳ ಹೊತ್ತು ರಿಂಗಾಯಿತು. ಅಕ್ಕ ಎತ್ತಿದಾಗ ಹಿಂದೆ ಗರಗರ ಸದ್ದು ಕೇಳುತ್ತಿತ್ತು.

"ಏನ್ ಹೊಲೀತಿದೀರಾ ಅಕ್ಕ, ಹಬ್ಬದ ದಿನ?"

"ಏನೂ ಇಲ್ಲ. ಖಾಲಿ ಬಟ್ಟೆ ಮೇಲೆ ಓಡಿಸ್ತಿದೀನಿ. ಮುಂಬಾಗ್ಲು ಹಾಕಿದೀನಿ, ಹಿಂದಿಂದೂ ಹಾಕಿದೀನಿ. ನಿಮ್ಮಮ್ಮಾನೂ ಇಲ್ಲೇ ಕೂತಿದಾರೆ, ಬಟ್ಟೆ ಹಿಡ್ಕೊಂಡು."

"ಅದು ಹೇಗಿದೆ?"

"ಮಲಗಿದೆ. ಫೋನ್ ಇಡಮ್ಮಾ, ಒಂದು ಕೈಲಿ ಹೊಲಿಗೆ ಸೊಟ್ಟ ಹೋಗ್ತಿದೆ."